50 ರೂಪಾಯಿಗೆ ಪಾಪವಿಮೋಚನೆ

ಸಾಕಿದ ನಾಯಿಯನ್ನು ಹಸಿವು ನೀರಡಿಕೆಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ನೋ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ ನಾಯಿಯನ್ನು ಇಳಿಸಿ ಹೋದಿರೋ, ಪಾರ್ಕಿಂಗೇ ದುಬಾರಿ.

ಆದರೆ ಬೆಂಗಳೂರಿನ ಸಭ್ಯರು ಬೀದಿಗೆ ಬಿಡುವುದಿಲ್ಲ. ಅವರು 'ನೋ-ಕಿಲ್' ಶೆಲ್ಟರ್ ಹುಡುಕುತ್ತಾರೆ. ಅಲ್ಲಿ ಕೊಲ್ಲುವುದಿಲ್ಲವಂತೆ, ಹೊತ್ತುಹೊತ್ತಿಗೆ ಊಟವಂತೆ, ಆಡಲು ಬಯಲಂತೆ. ಯಾರನ್ನೂ ಕೊಲ್ಲದ ಕಡೆ ಗೂಡು ಖಾಲಿಯಾಗುವುದು ಯಾವಾಗ ಎಂಬ ಲೆಕ್ಕ ಮಾತ್ರ ಕೋಡ್ ಬರೆಯುವ ತಲೆಗಳಿಗೆ ಹೊಳೆಯದು. 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳು ಈ ಊರಿನಲ್ಲಿ ಗಾಡಿಗೆ ಸಿಕ್ಕವು, ಕುರುಡಾದವು, ಹುಳ ಬಿದ್ದವುಗಳಿಗಾಗಿ ಓಡಾಡುತ್ತಿವೆ. ಈ ಸಭ್ಯರ ಹೊಟ್ಟೆ ತುಂಬಿದ ಲ್ಯಾಬ್ರಡಾರ್ ಆ ಸಾಲಿಗೆ ನುಗ್ಗಬೇಕು. 'ಜಾಗ ಇಲ್ಲ ಸರ್' ಎಂದರೆ 'ನೀವೆಂಥ ಪ್ರಾಣಿಪ್ರಿಯರು!' ಎಂದು ಫೋನಿನಲ್ಲೇ ದಬಾಯಿಸಿ, ರಾತ್ರೋರಾತ್ರಿ ಗೇಟಿಗೆ ಕಟ್ಟಿ ಪರಾರಿ. ಲಸಿಕೆ ಕಾಣದ ಮರಿಯಾದರೆ ಅದರ ಜೊತೆ ಪಾರ್ವೋ ರೋಗವೂ ಒಳಹೋದೀತು. ಹೋಗಲಿ ಬಿಡಿ, ಪುಣ್ಯವಂತೂ ಬಂತಲ್ಲ.

ಕಾರಣಗಳೋ, ಕರುಳು ಹಿಂಡುವಂಥವು. 'ಮಗುವಾಯಿತು.' 'ಕೂದಲು ಉದುರುತ್ತದೆ.' 'ಆನ್‌ಸೈಟ್ ಬಂತು.' ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಎಂದ ಧರ್ಮರಾಯನಿಗೆ ಪಾಪ, ವೀಸಾದ ಬೆಲೆ ಗೊತ್ತಿರಲಿಲ್ಲ. ಹಚ್ ಮೊಬೈಲ್ ಕಂಪನಿಯ ಜಾಹೀರಾತಿಗೆ ಮರುಳಾಗಿ ಪಗ್ ತಂದವರಿಗೆ ಅದರ ಗೊರಕೆ ಕೇಳಿಸಿದ್ದು ಆಮೇಲೆ. 2022ರಲ್ಲಿ '777 ಚಾರ್ಲಿ' ನೋಡಿ ಬಿಕ್ಕಿ ಬಿಕ್ಕಿ ಅತ್ತು, ಆ ಸಿನಿಮಾ ಬೈದ ಅಕ್ರಮ ಬ್ರೀಡರ್‌ಗಳಲ್ಲೇ ಮರಿ ಅಗ್ಗಕ್ಕೆ ಸಿಕ್ಕೀತೇ ಎಂದು ವಿಚಾರಿಸುವ ಮಹಾನುಭಾವರಿಗೆ ಏನೆನ್ನೋಣ?

ಇದೇ ಜನ ಮೇಲಿನ ಮಹಡಿ ಬಾಡಿಗೆಗೆ ಕೊಡುವುದನ್ನು ನೋಡಬೇಕು! ಆಧಾರ್, ಸಂಬಳದ ಚೀಟಿ, 10 ತಿಂಗಳ ಅಡ್ವಾನ್ಸ್, ಮೊಟ್ಟೆ ತಿಂತೀರಾ ಎಂಬ ಅಡ್ಡಸವಾಲು. ನಾಯಿಗೆ? 'ಫ್ರೀ, ಒಳ್ಳೆ ಮನೆಗೆ ಮಾತ್ರ' ಎಂದು ವಾಟ್ಸ್ಯಾಪ್‌ನಲ್ಲೊಂದು ಫೋಟೊ. ಬೈಕಿನಲ್ಲಿ ಬಂದವನದು ಮನೆಯೋ, ಹೆಣ್ಣುನಾಯಿಯಿಂದ ಸೂಲಿನ ಮೇಲೆ ಸೂಲು ಹೆರಿಸುವ ಶೆಡ್ಡೋ, ಕೇಳುವವರಿಲ್ಲ. ಲಸಿಕೆ ಪುಸ್ತಕ ಕೈಗಿಡುವುದು, ಸಂತಾನಹರಣ ಮಾಡಿಸಿ ಕಳಿಸುವುದು, ಆ ಮನೆಗೊಮ್ಮೆ ಹೋಗಿಬರುವುದು, 'ಪಟಾಕಿಗೆ ಹೆದರುತ್ತೆ, ಒಮ್ಮೆ ಕಚ್ಚಿದೆ' ಎಂದು ನಿಜ ನುಡಿಯುವುದು, 'ಹೊಂದದಿದ್ದರೆ ನಮಗೇ ವಾಪಸ್ ಕೊಡಿ' ಎನ್ನುವುದು... ಅಷ್ಟೆಲ್ಲ ಮಾಡಲು ಅದೇನು ಬಾಡಿಗೆಗೆ ಬಂದದ್ದೇ?

'ಕೆಲವು ವಾರ ನಿಮ್ಮಲ್ಲೇ ಇರಲಿ, ಒಳ್ಳೆಯ ಮನೆ ಹುಡುಕಲು ನಾವೂ ಕೈಜೋಡಿಸುತ್ತೇವೆ' ಎನ್ನುತ್ತಾರೆ ಶೆಲ್ಟರಿನವರು. ವೀಸಾ, ಶಾಲೆ, ಕಾರಿನ ಮಾರಾಟಕ್ಕೆಂದು ತಿಂಗಳುಗಟ್ಟಲೆ ಓಡಾಡಿದವರಿಗೆ ನಾಯಿ ನೆನಪಾಗಿರುವುದು ಈ ಶುಕ್ರವಾರ. ಶನಿವಾರ ಪ್ಯಾಕರ್ಸ್‌ನವರು ಬರುತ್ತಾರೆ. ಸೋಫಾ ಮಾತ್ರ ಜೊತೆಗೇ ಹೋಗುತ್ತದೆ, ವಿಮೆ ಸಮೇತ.