ಟಿಕೆಟ್ ಮುಂದೆ ಹೋಗಲಿ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಸಾಲು ಕೋಡ್ ಬದಲಿಸಲು ಎರಡು ನಿಮಿಷ ಸಾಕು; ಅದಕ್ಕೆ ಒಪ್ಪಿಗೆ ಪಡೆಯಲು ಕೆಲವೊಮ್ಮೆ ಎರಡು ವಾರವೂ ಸಾಲದು. ಮೊದಲು ಟಿಕೆಟ್, ಅಂದರೆ ಬದಲಾವಣೆಯ ಅರ್ಜಿ. ಏನು, ಯಾಕೆ, ಯಾವಾಗ, ಕೆಟ್ಟರೆ ಏನು ಗತಿ ಎಂಬ ಕಾಲಂಗಳು. 'ರೋಲ್‌ಬ್ಯಾಕ್ ಪ್ಲಾನ್' ಅನ್ನುವಲ್ಲಿ ಎಷ್ಟೋ ಜನ ಕಳೆದ ಸಲದ್ದನ್ನೇ ಅಂಟಿಸಿಬಿಡುತ್ತಾರೆ, ಹಳೆಯ ಸರ್ವರ್ ಹೆಸರಿನ ಸಮೇತ. ಮ್ಯಾನೇಜರ್ ಹೂಂ ಅಂದರೂ ಮುಂದೆ ಬದಲಾವಣೆಗಳನ್ನು ತೂಗಿ ನೋಡುವ ಚೇಂಜ್ ಅಡ್ವೈಸರಿ ಬೋರ್ಡ್ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಪೂಜಾರಿಗಳೆಲ್ಲ ಕಾಲ್‌ನಲ್ಲಿ ಮ್ಯೂಟ್ ಆಗಿ ಕುಳಿತಿರುತ್ತಾರೆ.

ಈ ಶಾಸ್ತ್ರ ಹುಟ್ಟಿದ್ದು 1980ರ ದಶಕದ ಬ್ರಿಟನ್ನಿನ ಸರ್ಕಾರಿ ಕಚೇರಿಯಲ್ಲಿ. ಆಶ್ಚರ್ಯವೇನಿಲ್ಲ ಬಿಡಿ! ಐಟಿಐಎಲ್ ಎಂಬ ಅದರ ಸಂಹಿತೆಯಲ್ಲಿ ಬದಲಾವಣೆಗೆ ಮೂರು ಜಾತಿ: ಸ್ಟ್ಯಾಂಡರ್ಡ್, ನಾರ್ಮಲ್, ಎಮರ್ಜೆನ್ಸಿ. ಸ್ಟ್ಯಾಂಡರ್ಡ್‌ಗೆ ಮೊದಲೇ ಒಪ್ಪಿಗೆ ಇರುತ್ತದೆ. ಎಮರ್ಜೆನ್ಸಿಗೆ ಸಾಲು ತಪ್ಪಿಸಿ ನುಗ್ಗುವ ಸೌಲಭ್ಯ. ಹಾಗಾಗಿ ಮರೆತು ಬಿಟ್ಟಿದ್ದ ಕೆಲಸಕ್ಕೂ ಗುರುವಾರ ರಾತ್ರಿ ದಿಢೀರನೆ ತುರ್ತು ಬಂದುಬಿಡುತ್ತದೆ.

ನಗುವವರು 2012ರ ಆಗಸ್ಟ್ 1ನ್ನು ನೆನೆಯಲಿ. ಅಮೆರಿಕದ ಷೇರು ವ್ಯಾಪಾರ ಕಂಪನಿ ನೈಟ್ ಕ್ಯಾಪಿಟಲ್‌ನ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದೇ ಬಿಟ್ಟುಹೋಗಿತ್ತು. ಅದರಲ್ಲಿ ಮಲಗಿದ್ದ ಹಳೆಯ ಕೋಡ್ ಎದ್ದು ಕೂತು ಮನಸೋಇಚ್ಛೆ ಷೇರು ವ್ಯಾಪಾರಕ್ಕಿಳಿಯಿತು. ಸುಮಾರು 45 ನಿಮಿಷದ ಆಟಕ್ಕೆ ತೆತ್ತ ಬೆಲೆ 44 ಕೋಟಿ ಡಾಲರ್‌ಗೂ ಹೆಚ್ಚು. ಹಾಕಿದ ಕೋಡನ್ನು ಇನ್ನೊಬ್ಬರು ತಾಳೆ ನೋಡಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲವೆಂದು ಷೇರುಪೇಟೆ ನಿಯಂತ್ರಕರು ಆಮೇಲೆ ಬರೆದರು.

ಒಪ್ಪಿಗೆ ಸಿಕ್ಕಿತೆನ್ನಿ. ಜಾರಿಯ ಮುಹೂರ್ತ ಸಾಮಾನ್ಯವಾಗಿ ಶನಿವಾರ ಮಧ್ಯರಾತ್ರಿ. ಮಾರನೆಯ ದಿನ ಯಾರದೋ ಮದುವೆ ಇದ್ದರೆ, ಅದನ್ನು ಬರೆಯಲು ಟಿಕೆಟ್‌ನಲ್ಲಿ ಕಾಲಂ ಇಲ್ಲ.