ಭಾವ ಮತ್ತು 63 ಪಾರ್ಕುಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾಲ್ಕು ಕನ್ನಡ ಮನೆಗಳು ಒಟ್ಟಿಗೆ ಊಟ ಮಾಡುತ್ತವೆ ಎಂದರೆ, ಅವುಗಳಲ್ಲಿ ಒಂದು ಮನೆಯ ಯಜಮಾನ ಕ್ಯಾಂಪಿಂಗ್ ಹುಚ್ಚಿನವನೆಂದೇ ತಿಳಿಯಬೇಕು. ಅವನಿಗೆ ಈ ಹೊಣೆಯನ್ನು ಯಾರೂ ವಹಿಸಿರುವುದಿಲ್ಲ. ಅವನ ಗ್ಯಾರೇಜಿನಲ್ಲಿ ಟೆಂಟು, ಗಾಳಿ ಹಾಸಿಗೆ, ಹಣೆಗೆ ಕಟ್ಟುವ ದೀಪಗಳೆಲ್ಲ ಸುಖವಾಗಿರುತ್ತವೆ, ಕಾರು ಮಾತ್ರ ಬೀದಿಯಲ್ಲಿರುತ್ತದೆ. ನಮ್ಮ ಪಾಲಿಗೆ ಬಂದವರು ನನ್ನ ಅಕ್ಕನ ಗಂಡ. ಆದ್ದರಿಂದ ಇಲ್ಲಿಂದ ಮುಂದೆ ಬಹುವಚನ.

ಅಮೆರಿಕದಲ್ಲಿ 63 ನ್ಯಾಷನಲ್ ಪಾರ್ಕುಗಳಿವೆ. ಭಾವ ಕಣ್ಣಾರೆ ಕಂಡವು ಕೆಲವೇ. ಕಾಣದವುಗಳ ಬಗ್ಗೆಯೇ ಅವರಿಗೆ ಹೆಚ್ಚು ತಿಳಿದಿರುವುದು. ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುವುದೇ ತಡ, ಎಕ್ಸೆಲ್ ಹಾಳೆ ತೆರೆಯುತ್ತದೆ. ರಾತ್ರಿಯ ಚಳಿ ಎಷ್ಟು, ಶೌಚಾಲಯ ಫ್ಲಶ್ಶೋ ಗುಂಡಿಯೋ, ಮೊಸರು ಸಿಗುವ ಅಂಗಡಿ ಎಷ್ಟು ಮೈಲಿ, ಎಲ್ಲಕ್ಕೂ ಒಂದೊಂದು ಕಾಲಂ. ಭಾವ ಪಾರ್ಕು ನೋಡುವುದು ಹಿಂದಿನವರು ಮಗಳಿಗೆ ಗಂಡು ನೋಡುತ್ತಿದ್ದ ಹಾಗೆ. ದೋಷ ಸಿಗುವವರೆಗೆ ಜಾತಕ ಮಡಚುವುದಿಲ್ಲ.

ಆ ವರ್ಷ ಅಮ್ಮ ಚಿತ್ರದುರ್ಗದಿಂದ ಆರು ತಿಂಗಳಿಗೆ ಬರುವವರಿದ್ದರು. ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದು ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇಗೆ. ಭಾವ ಶುರುಮಾಡಿದರು. ಯೆಲ್ಲೋಸ್ಟೋನ್ 1872ರದ್ದು, ಜಗತ್ತಿನ ಮೊದಲ ನ್ಯಾಷನಲ್ ಪಾರ್ಕು, ಮನೆತನ ದೊಡ್ಡದು. ಆದರೆ ಹೋಗುವುದಕ್ಕೇ ಎರಡು ದಿನ. ಲಾಸೆನ್‌ನಲ್ಲಿ ಕೆಸರು ಕೊತಕೊತ ಕುದಿಯುವುದನ್ನು ನೋಡಬಹುದು, ಆದರೆ ಆ ಗಂಧಕದ ವಾಸನೆ ಅತ್ತೆಗೆ ಒಗ್ಗಲಿಕ್ಕಿಲ್ಲ. ಡೆತ್ ವ್ಯಾಲಿಯಲ್ಲಿ 1913ರಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ, ಅದೂ ಅಲ್ಲದೆ ವಯಸ್ಸಾದವರನ್ನು ಕರೆದೊಯ್ಯುವ ಜಾಗಕ್ಕೆ ಅದೆಂಥ ಹೆಸರು! ಸೆಕ್ವೋಯಾದ ಜನರಲ್ ಶರ್ಮನ್ ಮರ 275 ಅಡಿ ಎತ್ತರ, ವಯಸ್ಸು ಎರಡು ಸಾವಿರ ವರ್ಷ ದಾಟಿದೆ. ಸರಿ, ಆದರೆ ಘಟ್ಟದ ರಸ್ತೆಯ ತಿರುವುಗಳಲ್ಲಿ ಮಕ್ಕಳು ಒಬ್ಬರಾದ ಮೇಲೊಬ್ಬರು ವಾಂತಿ ಮಾಡುತ್ತಾರೆ. ಉಳಿದದ್ದು ಯೊಸೆಮಿಟಿ. ಅದಕ್ಕೂ ಕುಂದು ಇತ್ತು. ಅಲ್ಲಿನ 2,425 ಅಡಿಯ ಜಲಪಾತಕ್ಕೆ ಹಿಮ ಕರಗಿದ ನೀರೇ ಗತಿ, ಬೇಸಿಗೆಯ ಕೊನೆಗೆ ಅದು ಒಣಗಿರುತ್ತದೆ.

‘ಬಂಡೆ ಇರುತ್ತಲ್ಲ ಭಾವ, ಹಾಫ್ ಡೋಮ್?’ ಎಂದೆ.

‘ಬಂಡೆ ನೋಡೋಕೆ ಚಿತ್ರದುರ್ಗದವರು ಇಲ್ಲಿಗೆ ಬರಬೇಕೇನಯ್ಯಾ?’

ಆದರೂ ಯೊಸೆಮಿಟಿಯೇ ಆಯಿತು. ಆಗಿದ್ದು ಹೇಗೆ ಎಂಬುದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಲ್ಲಿನ ಕಣಿವೆಯ ಕ್ಯಾಂಪುಗಳಿಗೆ ಐದು ತಿಂಗಳು ಮುಂಚೆ, ತಿಂಗಳ 15ನೇ ತಾರೀಖು ಬೆಳಗ್ಗೆ ಏಳಕ್ಕೆ ಬುಕಿಂಗ್ ತೆರೆಯುತ್ತದೆ. ರಜೆಯ ವಾರಾಂತ್ಯವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದು ಜಾಗಕ್ಕೆ ಆರೇ ಜನ, ಮಕ್ಕಳೂ ಲೆಕ್ಕಕ್ಕೆ. ನಾವು ಒಂಬತ್ತು ಜನ, ಅಂದರೆ ಎರಡು ಜಾಗ, ಅದೂ ಅಕ್ಕಪಕ್ಕ. ಏಪ್ರಿಲ್ 15ರ ಬೆಳಗ್ಗೆ ಆರೂವರೆಗೆ ಭಾವ ನಮ್ಮನ್ನೆಲ್ಲ ಒಂದೇ ಕಾಲ್‌ನಲ್ಲಿ ಸೇರಿಸಿದರು. ನನಗೆ ಅಪ್ಪರ್ ಪೈನ್ಸ್, ನನ್ನ ಹೆಂಡತಿಗೆ ಲೋಯರ್ ಪೈನ್ಸ್, ಅಕ್ಕನಿಗೆ ನಾರ್ತ್ ಪೈನ್ಸ್. ‘ಕಾಫಿ ಲೋಟ ಕೆಳಗಿಡಿ’ ಎಂಬ ಅಪ್ಪಣೆಯೂ ಆಯಿತು. ಏಳು ಹೊಡೆಯಿತು, ಒತ್ತಿದೆವು. ಹೆಂಡತಿಗೆ ಇಲ್ಲ, ಅಕ್ಕನಿಗೆ ಇಲ್ಲ, ಸ್ವತಃ ಭಾವನಿಗೂ ಇಲ್ಲ. ನನಗೆ ಸಿಕ್ಕಿತು! ಹುಟ್ಟಿದಂದಿನಿಂದ ಲಾಟರಿಯಲ್ಲಿ ಸ್ಟೀಲ್ ಚಮಚವನ್ನೂ ಗೆಲ್ಲದ ನನಗೆ, ಅಪ್ಪರ್ ಪೈನ್ಸ್‌ನಲ್ಲಿ, ಅಕ್ಕಪಕ್ಕದ ಎರಡು ಜಾಗ.

ಹಣ ಕಟ್ಟುವುದಕ್ಕೆ ಹದಿನೈದು ನಿಮಿಷ ಸಮಯ ಇರುತ್ತದೆ. ‘ತಡಿ, ನಂಬರ್ ಹೇಳು’ ಎಂದರು ಭಾವ. ಹೇಳಿದೆ. ನಕ್ಷೆ ಬಿಚ್ಚುವ ಸದ್ದು ಕೇಳಿತು. ಕಾಗದದ ನಕ್ಷೆ! ‘ಅಯ್ಯೋ, ಟಾಯ್ಲೆಟ್ ಪಕ್ಕದಲ್ಲೇ ಇದೆ ಕಣಯ್ಯಾ. ರಾತ್ರಿಯೆಲ್ಲಾ ದೀಪ, ಬಾಗಿಲ ಸದ್ದು.’ ಕಟ್ಟಿಬಿಡೋಣ ಎಂದೆ. ಬೇರೆ ಸಿಗುತ್ತೇನೋ ನೋಡೋಣ ಎಂದರು. ಗಾಳಿಯ ದಿಕ್ಕು ಚರ್ಚೆಗೆ ಬಂತು. ಆಗ ಅಕ್ಕ, ‘ಅಮ್ಮಂಗೆ ರಾತ್ರಿ ಎರಡು ಸಲ ಏಳಬೇಕು, ಮಂಡಿ ಬೇರೆ ನೋವು. ಟಾಯ್ಲೆಟ್ ಹತ್ತಿರ ಇದ್ರೆ ಒಳ್ಳೇದಲ್ವೇನ್ರೀ?’ ಎಂದಳು. ಭಾವ ಸ್ವಲ್ಪ ಹೊತ್ತು ಯೋಚಿಸಿ, ‘ಪಾಯಿಂಟ್. ಕಟ್ಟಯ್ಯಾ’ ಎಂದರು. ಅಷ್ಟರಲ್ಲಿ ಹದಿನೈದು ನಿಮಿಷ ಮುಗಿದಿತ್ತು.

ಆಮೇಲೆ ಭಾವ ತಿಂಗಳುಗಟ್ಟಲೆ, ಯಾರಾದರೂ ಬುಕಿಂಗ್ ರದ್ದು ಮಾಡುತ್ತಾರೇನೋ ಎಂದು ರಾತ್ರಿ ಎದ್ದೆದ್ದು ನೋಡಿದರು. ಕೊನೆಗೂ ಎರಡು ಜಾಗ ಹಿಡಿದರು, ಕ್ಯಾಂಪಿನ ಆ ತುದಿಗೊಂದು, ಈ ತುದಿಗೊಂದು. ಟಾಯ್ಲೆಟ್ ಎರಡಕ್ಕೂ ದೂರ.

ಅಲ್ಲಿಗೆ ಹೋದ ಮೇಲೆ ಕರಡಿ ಪುರಾಣ. ಯೊಸೆಮಿಟಿಯ ಕರಡಿಗಳು ತಿಂಡಿಯ ವಾಸನೆ ಹಿಡಿದು ಕಾರಿನ ಬಾಗಿಲು ಕೀಳುತ್ತವೆ. ಅದಕ್ಕೇ ಪ್ರತಿ ಜಾಗದಲ್ಲೂ ಕಬ್ಬಿಣದ ಪೆಟ್ಟಿಗೆ. ವಾಸನೆ ಬರುವುದೆಲ್ಲ, ಸೋಪು ಟೂತ್‌ಪೇಸ್ಟ್ ಸಮೇತ, ಅದರೊಳಗೆ. ಭಾವ ಹಣೆಗೆ ದೀಪ ಕಟ್ಟಿಕೊಂಡು ಮನೆಮನೆ ಜಪ್ತಿಗೆ ಹೊರಟರು. ಚಟ್ನಿಪುಡಿ, ತೆಂಗಿನೆಣ್ಣೆ, ಕೊನೆಗೆ ಅಮ್ಮನ ಅಮೃತಾಂಜನ. ‘ಕರಡಿಗೂ ತಲೆನೋವು ಬರುತ್ತೇನಪ್ಪಾ?’ ಎಂದು ಅಮ್ಮ ಕೇಳಿದರು. ನಿಯಮ ನಿಯಮವೇ. ಮಧ್ಯರಾತ್ರಿ ಅಮ್ಮನಿಗೆ ನಿಜಕ್ಕೂ ತಲೆನೋವು ಬಂತು. ಆ ತುದಿಯ ಪೆಟ್ಟಿಗೆಯಿಂದ ಅಮೃತಾಂಜನ ತರಲು ಅಷ್ಟು ದೂರ ಕತ್ತಲಲ್ಲಿ ನಡೆದು ಹೋದವರೂ ಭಾವನೇ. ನಾನು ಎಚ್ಚರವಿದ್ದೆ. ಕರಡಿಯ ಭಯಕ್ಕೆ ನಿದ್ದೆ ನಟಿಸಿದೆ.

ಇಷ್ಟು ಬೈದ ಮೇಲೆ ಅಕ್ಕ ಒಮ್ಮೆ ಹೇಳಿದ್ದನ್ನೂ ಬರೆಯಬೇಕು. ಭಾವನ ತಂದೆ, ಮೇಷ್ಟರು, ಒಂದೇ ಒಂದು ಸಲ ಇಲ್ಲಿಗೆ ಬಂದಿದ್ದರಂತೆ. ‘ಆ ದೊಡ್ಡ ಮರ ಒಂದು ತೋರಿಸಯ್ಯಾ’ ಎಂದಿದ್ದರಂತೆ. ಭಾವ ರಸ್ತೆ ಸರಿಯಿಲ್ಲ, ಚಳಿ ಇದೆ, ಮುಂದಿನ ತಿಂಗಳು ಎನ್ನುತ್ತ ಒಳ್ಳೆಯ ದಿನ ಹುಡುಕಿದರು. ಆರು ತಿಂಗಳು ಮುಗಿದವು. ಮೇಷ್ಟರು ಗೋಲ್ಡನ್ ಗೇಟ್ ಸೇತುವೆಯನ್ನೂ ಕಾಸ್ಟ್‌ಕೋವನ್ನೂ ನೋಡಿಕೊಂಡು ತುಮಕೂರಿಗೆ ಹೋದರು, ಮತ್ತೆ ಬರುವಷ್ಟು ಆರೋಗ್ಯ ಉಳಿಯಲಿಲ್ಲ. ಎಕ್ಸೆಲ್ ಹಾಳೆ ಶುರುವಾದದ್ದು ಅದಾದ ಮೇಲಂತೆ. ಸೆಕ್ವೋಯಾದ ಸಾಲಿಗೆ ಬಂದಾಗ ಭಾವ ಯಾಕೆ ಅಷ್ಟು ಬೇಗ ವಾಂತಿಯ ಮಾತೆತ್ತಿದರು ಎಂದು ನನಗೆ ಆಮೇಲೆ ಅನ್ನಿಸಿತು. ಹಾಗಂತ ಬೆಳಗ್ಗೆ ಆರೂವರೆಯ ಫೋನನ್ನು ಕ್ಷಮಿಸಿದ್ದೇನೆ ಎಂದೇನೂ ಅಲ್ಲ.

ಎರಡನೆಯ ಸಂಜೆ, ಹಾಫ್ ಡೋಮ್ ಮೇಲೆ ಬಿಸಿಲು ಕೆಂಪಾಗುತ್ತಿದ್ದಾಗ, ಭಾವ ಅದಕ್ಕೆ ಬೆನ್ನು ಹಾಕಿ ಕೂತು ಝಯಾನ್ ಪಾರ್ಕು ಎಷ್ಟು ಚೆಂದ ಎಂದು ವಿವರಿಸುತ್ತಿದ್ದರು. ಮಾತಿನ ಮಧ್ಯೆ, ‘ಅತ್ತೆ, ಮುಂದಿನ ಸಲ ಎಲ್ಲಿಗೆ ಹೋಗೋಣ ಹೇಳಿ’ ಎಂದರು.

‘ಎಲ್ಲಾದರೂ ಸರಿಯಪ್ಪ. ಕರೆಂಟಿರಲಿ, ಒಂದು ಮಂಚ ಇರಲಿ.’

ಬೇರೆ ಯಾರೇ ಆಗಿದ್ದರೂ ಇದನ್ನು ಹೋಟೆಲ್ ರೂಮು ಎಂದು ಅರ್ಥಮಾಡಿಕೊಳ್ಳುತ್ತಿದ್ದರು. ವಾಪಸ್ಸು ಬಂದ ವಾರದಲ್ಲೇ ಫೋನು ಬಂತು. ‘ಯೊಸೆಮಿಟಿ ಕ್ಯಾಂಪುಗಳಲ್ಲಿ ಕರೆಂಟ್ ಕನೆಕ್ಷನ್ ಇಲ್ಲ ಕಣಯ್ಯಾ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಟ್ರೇಲರ್ ವಿಲೇಜ್ ಅಂತಿದೆ, ಅಲ್ಲಿ ಕೊಡ್ತಾರೆ. ಆದರೆ ಆರ್‌ವಿ ತಗೊಂಡು ಹೋಗಬೇಕು, ಮೂವತ್ತಡಿ ಗಾಡಿ. ನೀನು ಓಡಿಸ್ತೀಯಲ್ಲ?’

ನಾನು ಉತ್ತರ ಹುಡುಕುತ್ತಿರುವಾಗ ಹಿಂದಿನಿಂದ ಅಕ್ಕನ ದನಿ ಕೇಳಿತು: ‘ಹ್ಞೂಂ ಅಂದುಬಿಡೋ. ಇಲ್ಲಾಂದ್ರೆ ಇವರು ನಂಗೆ ಕಲಿಸ್ತಾರೆ.’