ಸೇಬಿನ ಕಾಕಾ

ವಿಜಯಪುರದ ಯಾವುದಾದರೂ ಹೊಸ ಬಡಾವಣೆಗೆ ಏಪ್ರಿಲ್ ತಿಂಗಳ ಮುಂಜಾನೆ ಹೋಗಿ ನೋಡಿ. ಒಂದು ಮನೆಯ ಕಾಂಪೌಂಡಿನ ಮೇಲೆ ಹಸಿರು ಶೇಡ್ ನೆಟ್ ಕಟ್ಟಿರುತ್ತದೆ. ಅದರೊಳಗೆ ತಲೆಗೆ ಟವೆಲ್ ಸುತ್ತಿಕೊಂಡು, ಬನಿಯನ್ನಿನಲ್ಲಿ, ಚೊಂಬು ಹಿಡಿದು ಒಬ್ಬರು ಬಗ್ಗಿ ನಿಂತಿರುತ್ತಾರೆ. ಪೂಜೆ ನಡೆದಿದೆ ಎಂದು ಚಪ್ಪಲಿ ಬಿಡಬೇಡಿ, ಕಾಲು ಸುಟ್ಟೀತು. ಅವರು ಮೊಣಕಾಲೆತ್ತರದ ಸಸಿಯೊಂದಕ್ಕೆ ನೀರು ಕುಡಿಸುತ್ತಿದ್ದಾರೆ ಅಷ್ಟೆ. ಬ್ಯಾಂಕಿನಿಂದಲೋ, ಶಾಲೆಯಿಂದಲೋ, ನೀರಾವರಿ ಇಲಾಖೆಯಿಂದಲೋ ನಿವೃತ್ತರಾಗಿರುವ ಇವರಿಗೆ ಇಡೀ ಓಣಿ ಕಾಕಾ ಎನ್ನುತ್ತದೆ. ನೀರಾವರಿ ಇಲಾಖೆಯವರಾದರೆ ಸಂಕಟ ಒಂದು ಕೈ ಹೆಚ್ಚು. ಊರಿಗೆಲ್ಲ ನೀರು ಹರಿಸುವ ನಕಾಶೆಗೆ ಸಹಿ ಹಾಕಿದವರು ಈಗ ಅಕ್ಕಿ ತೊಳೆದ ನೀರಿಗಾಗಿ ಸ್ವಂತ ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಾರೆ.

ಕಾಕಾರನ್ನು ಗುರುತಿಸುವುದು ಸುಲಭ. ಇಲ್ಲಿ ಏನು ಬೆಳೆಯುತ್ತದೋ ಅದನ್ನು ಅವರು ಬೆಳೆಯುವುದಿಲ್ಲ. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದ್ದು ಜಿಲ್ಲೆಗೆಲ್ಲ ಹೆಮ್ಮೆ. ಕಾಕಾ ಮಾತ್ರ, "ಲಿಂಬಿ ಯಾರ್ ಬೇಕಾದ್ರೂ ಬೆಳೀತಾರ ಬಿಡೊ" ಎಂದು ಕೈ ಝಾಡಿಸುತ್ತಾರೆ. ಹಿತ್ತಲ ಮೂಲೆಯಲ್ಲಿ ಯಾರೂ ಹಚ್ಚದೆ, ಯಾರೂ ನೀರು ಹಾಕದೆ ಎದ್ದ ಬಾರಿ ಗಿಡವೊಂದು ಪ್ರತಿ ಸಂಕ್ರಾಂತಿಗೆ ಬುಟ್ಟಿ ತುಂಬ ಹಣ್ಣು ಕೊಡುತ್ತದೆ. ಅದನ್ನು ಹೊಗಳಿದರೆ, "ಅದು ಗಿಡಾ ಅಲ್ಲ, ಮುಳ್ಳು" ಎಂದು ಮಾತು ಮುಗಿಸುತ್ತಾರೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ಮೇಳ ಆದಾಗಲೆಲ್ಲ ಕಾಕಾ ಹಾಜರು. ಅಲ್ಲಿ ಯಾರಾದರೂ ಒಣಭೂಮಿಗೆ ಸೀತಾಫಲ, ನೆಲ್ಲಿ, ಹುಣಸೆ ಒಳ್ಳೆಯದು ಎಂದು ತಿಳಿಹೇಳಿದರೆ ವಿನಯದಿಂದ ಕೇಳಿ, ವಹಿಯಲ್ಲಿ ಬರೆದುಕೊಂಡು, ಬರುವಾಗ ಹೊರಗಿನ ನರ್ಸರಿಯಲ್ಲಿ ಬೆಣ್ಣೆಹಣ್ಣಿನ ಸಸಿ ತರುತ್ತಾರೆ. ಕೊಡಗಿನ ತಂಪಿನಲ್ಲಿ ಬೆಳೆಯುವ ಬೆಣ್ಣೆಹಣ್ಣು ವಿಜಯಪುರದ ಮೇ ತಿಂಗಳನ್ನು ಕಾಣುವುದಿಲ್ಲ. ಕಂಡರೂ ಜೂನ್ ಕಾಣುವುದಿಲ್ಲ.

ಮಣ್ಣಿನದು ಇನ್ನೊಂದು ಕಥೆ. ನಮ್ಮ ಯರಿ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಬೂಟು ಬಿಡುವುದಿಲ್ಲ. ಬಿರುಕು ಬಿಟ್ಟಾಗ ಎಳೆಯ ಬೇರು ಹರಿಯುತ್ತದೆ, ನೀರು ನಿಂತಾಗ ಅದೇ ಬೇರು ಕೊಳೆಯುತ್ತದೆ. ಕಾಕಾ ಇದಕ್ಕೂ ಉಪಾಯ ಹೂಡಿದರು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿಸಿ, ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸಿ, ತಿಪ್ಪೆಗೊಬ್ಬರ ಕಲೆಸಿ ತುಂಬಿದರು. ಸುತ್ತಲಿನ ಕರಿ ಮಣ್ಣು ನೀರನ್ನು ಆಚೆ ಬಿಡಲಿಲ್ಲ, ಗುಂಡಿ ಬಾವಿಯಾಯಿತು. ಬದುಕಿ ಉಳಿದ ಸಸಿಗಳ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯಿತು. ಈ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಕಬ್ಬಿಣ ಎಷ್ಟೇ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಯಾರೋ ಹೇಳಿದರೆಂದು ಕಾಕಾ ತುಕ್ಕು ಹಿಡಿದ ಮೊಳೆಗಳನ್ನು ಬುಡದಲ್ಲಿ ಹುಗಿದರು. ಗಿಡ ಹಸಿರಾಗಲಿಲ್ಲ, ಅಗೆಯಲು ಬಂದ ಆಳಿಗೆ ಧನುರ್ವಾಯು ಇಂಜೆಕ್ಷನ್ ಆಯಿತು. ಆಮೇಲೆ ಕಬ್ಬಿಣದ ಲವಣವಾದ ಅನ್ನಭೇದಿ ಕರಗಿಸಿ ಎಲೆಗೆ ಸಿಂಪಡಿಸಿದಾಗ ಸ್ವಲ್ಪ ಬಣ್ಣ ಬಂತು. ಗಿಡಕ್ಕಿಂತ ಹೆಚ್ಚು ಬಣ್ಣ ಕಾಕಾರ ಬನಿಯನ್ನಿಗೆ ಬಂತು.

ಆಪೂಸಿನ ಪ್ರಕರಣವನ್ನು ಹೇಳಲೇಬೇಕು. ದುಬಾರಿ ಬೆಲೆ ಕೊಟ್ಟು ತಂದ ಕಸಿ ಗಿಡ. ಮೇಲಿನ ಆಪೂಸಿನ ಟೊಂಗೆ ಬಿಸಿಲಿಗೆ ಒಣಗಿತು, ಕಸಿಯ ಕೆಳಗಿನ ಗಾವಟಿ ಕಾಂಡ ಜೋರಾಗಿ ಚಿಗುರಿತು. ಕಾಕಾ ಚಿಗುರನ್ನಷ್ಟೇ ನೋಡಿ ಊರಿಗೆಲ್ಲ ಪೇಡೆ ಹಂಚಿದರು. ವರ್ಷಗಟ್ಟಲೆ ಸಾಕಿದ ಮೇಲೆ ಕಾಯಿ ಬಂತು, ಕಚ್ಚಿದರೆ ಹಲ್ಲು ಚುಳ್ ಎನ್ನುವ ಹುಳಿ. ಕಾಕಾರ ಹೆಂಡತಿ ಕಾಕು ಮಾತನಾಡದೆ ಉಪ್ಪಿನಕಾಯಿ ಹಾಕಿದರು. ಅಂಥ ಉಪ್ಪಿನಕಾಯಿ ಓಣಿಯಲ್ಲಿ ಇನ್ನೊಂದಿಲ್ಲ ಎಂಬುದು ಎಲ್ಲರ ಅಭಿಪ್ರಾಯ. ಕಾಕಾ ಅದನ್ನು ಈವರೆಗೆ ಮುಟ್ಟಿಲ್ಲ.

ಈಗ ಸೇಬಿಗೆ ಬರೋಣ. ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಯ ಹರಿಮನ್ ಶರ್ಮಾ ಎಂಬ ರೈತರು ಚಳಿ ಹೆಚ್ಚು ಬೇಡದ ಸೇಬಿನ ತಳಿಯೊಂದನ್ನು ರೂಪಿಸಿದರು. ಎಚ್‌ಆರ್‌ಎಂಎನ್-99 ಎಂದು ಅದರ ಹೆಸರು. ಅವರಿಗೆ 2025ರಲ್ಲಿ ಪದ್ಮಶ್ರೀಯೂ ಬಂತು. ಮಾಮೂಲಿ ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು ಸಾವಿರ ಗಂಟೆಯ ಆಸುಪಾಸು ಸಿಗಬೇಕು, ಇಲ್ಲದಿದ್ದರೆ ಮೊಗ್ಗು ಏಳುವುದಿಲ್ಲ. ನಮ್ಮಲ್ಲಿ ಅಷ್ಟು ತಂಪು ಸಿಗುವುದು ಫ್ರಿಜ್ಜಿನಲ್ಲಿ ಮಾತ್ರ. ಹೊಸ ತಳಿಯ ಸುದ್ದಿ ಕಿವಿಗೆ ಬಿದ್ದ ದಿನವೇ ಕಾಕಾ ಎರಡು ಸಸಿ ತರಿಸಿದರು. ಚಳಿ ಕಡಿಮೆ ಸಾಕು ಎಂದಿದ್ದಾರೆ, ಬೇಡವೇ ಬೇಡ ಎಂದಿಲ್ಲವಲ್ಲ ಎಂಬ ಚಿಂತೆ ಮಾತ್ರ ಉಳಿಯಿತು. ಡಿಸೆಂಬರಿನಲ್ಲಿ ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಬರ್ಫ ತಂದು ಬುಡಕ್ಕೆ ಸುರಿಯತೊಡಗಿದರು. ಚಳಿ ಬೇಕಾದದ್ದು ಮೊಗ್ಗಿಗೆ, ಬೇರಿಗಲ್ಲ ಎಂದು ಯಾರೋ ತಿಳಿದವರು ಹೇಳಿದಾಗ ಟೊಂಗೆಗೆ ಬರ್ಫ ಕಟ್ಟುವ ದಾರಿ ಹುಡುಕಿದರು. ಆಗ ಕಾಕು ಬಾಯಿ ಬಿಟ್ಟರು: "ಇಪ್ಪತ್ತು ವರ್ಷದಿಂದ ಒಂದು ಕೂಲರ್ ತರ್ರಿ ಅಂತ ಬಡಕೊಂಡೆ. ನಾನೂ ಸೇಬಿನ ಗಿಡಾ ಆಗಿ ಹುಟ್ಟಬೇಕಿತ್ತು."

ಚಳಿಯಿಲ್ಲದ ನಾಡುಗಳಲ್ಲಿ ಸೇಬಿನ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಗಿಡಕ್ಕೆ ಶಿಶಿರ ಬಂತೆಂದು ನಂಬಿಸುವ ಪದ್ಧತಿ ಇದೆ. ಇಂಡೋನೇಷ್ಯಾದ ಜಾವಾದಲ್ಲಿ ಹೀಗೆಯೇ ಬೆಳೆ ತೆಗೆಯುತ್ತಾರೆ. ಕಾಕಾ ಎಲೆ ಕಿತ್ತರು. ಗಿಡ ಸತ್ತಿತೆಂದು ಓಣಿಯವರು ಸಮಾಧಾನ ಹೇಳಿ ಹೋದರು. ಆದರೆ ಫೆಬ್ರವರಿಯಲ್ಲಿ ಹೂ ಬಂತು, ನಿಜವಾಗಿ ಬಂತು. ಅಲ್ಲಿಂದ ಕಾಕಾರ ನಿದ್ದೆ ಹೋಯಿತು. ಮಾರ್ಚ್‌ನ ಆಲಿಕಲ್ಲಿಗೆ ಅರ್ಧ ಉದುರಿತು. ಗಿಳಿ ಒಂದಷ್ಟು ರುಚಿ ನೋಡಿತು. ಅಳಿಲಂತೂ ಒಂದೊಂದನ್ನೂ ಒಂದೇ ಕಚ್ಚು ಕಚ್ಚಿ ಬಿಸಾಡಿತು, ತಿಂದಿದ್ದರೆ ಕಾಕಾರಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಉಳಿದವಕ್ಕೆ ಕರ್ಚೀಫಿನ ಟೊಪ್ಪಿಗೆ, ಅದರ ಮೇಲೆ ಕಾಕುವಿನ ಹಳೆ ಇಳಕಲ್ ಸೀರೆಯ ನೆರಳು. ಹನಿ ನೀರಿಗೆಂದು ಆಸ್ಪತ್ರೆಯ ಸಲೈನ್ ಬಾಟಲಿಗಳನ್ನು ಟೊಂಗೆಟೊಂಗೆಗೆ ತೂಗುಹಾಕಿದ್ದು ಕಂಡು, ಹೊಸದಾಗಿ ಬಾಡಿಗೆಗೆ ಬಂದವರು "ಮನ್ಯಾಗ ಯಾರಿಗೆ ಆರಾಮಿಲ್ರಿ?" ಎಂದು ಕೇಳಿದ್ದುಂಟು. ಪ್ರಶ್ನೆ ತಪ್ಪಿರಲಿಲ್ಲ.

ಮೇ ಕೊನೆಗೆ ಉಳಿದವು ಮೂರು ಸೇಬು. ಗಾತ್ರ ಇಂಡಿ ಲಿಂಬೆಯದು, ಬಿಸಿಲು ಬಿದ್ದ ಕಡೆ ಕಂದು ಕಲೆ. ದೇವರ ಮುಂದೆ ಇಟ್ಟು, ತೆಳ್ಳಗೆ ಹೆಚ್ಚಿ, ಓಣಿಯ ಎಲ್ಲರಿಗೂ ಒಂದೊಂದು ಹೋಳು ಪ್ರಸಾದವಾಗಿ ಹಂಚಿದರು. ದೊಡ್ಡವರೆಲ್ಲ ಕಣ್ಣು ಮುಚ್ಚಿ "ಭಾರಿ ಐತ್ರಿ" ಎಂದರು. ಎದುರುಮನೆಯ ಹುಡುಗ ಮಾತ್ರ, "ಕಾಕಾ, ಇದು ನಿಮ್ಮ ಹಿತ್ತಲದ ಬಾರಿ ಹಣ್ಣಿನಂಗs ಐತಲ್ಲ" ಎಂದ. ಆ ಹುಡುಗನಿಗೆ ಆಮೇಲೆ ಬಹಳ ದಿನ ಕಾಕಾರ ಅಂಗಳದಲ್ಲಿ ಕ್ರಿಕೆಟ್ ಚೆಂಡು ವಾಪಸು ಸಿಗಲಿಲ್ಲ.

ಇಷ್ಟು ನಕ್ಕ ಮೇಲೆ ಕಾಕಾರ ವಾದವನ್ನೂ ಕೇಳಬೇಕು, ಯಾಕೆಂದರೆ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. "ದ್ರಾಕ್ಷಿ ವಿಜಯಪುರದ್ದೇನೊ ತಮ್ಮಾ? ಥಾಮ್ಸನ್ ಸೀಡ್‌ಲೆಸ್ ಅಂದ್ರ ಥಾಮ್ಸನ್ ನಮ್ಮ ಮುತ್ಯಾನ ಹೆಸರೇನು?" ಎಂದು ಅವರು ಕೇಳುತ್ತಾರೆ. ಸರಿಯಾದ ಮಾತು. ಪಶ್ಚಿಮ ಏಷ್ಯಾ ಕಡೆಯ ತಳಿಗೆ ಕ್ಯಾಲಿಫೋರ್ನಿಯಾದಲ್ಲಿ ಅಂಟಿದ ಹೆಸರು ಅದು. ತಂಪು ನಾಡಿನಲ್ಲಿ ಚಳಿಗಾಲ ಮಲಗಿ ಏಳುವ ಬಳ್ಳಿಯನ್ನು ನಮ್ಮ ರೈತರು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟ್ನಿ ಮಾಡಿ, ಅಂದರೆ ಕಡ್ಡಿ ಸವರಿ, ಮೊಗ್ಗು ಎಬ್ಬಿಸಲು ಹೈಡ್ರೋಜನ್ ಸೈನಮೈಡ್ ಹಚ್ಚಿ, ಈ ಬಿಸಿಲಿನಲ್ಲೂ ಹಣ್ಣು ಕೊಯ್ದು ಒಣದ್ರಾಕ್ಷಿ ಮಾಡಿ ದೇಶಕ್ಕೆಲ್ಲ ಕಳಿಸುತ್ತಾರೆ. ದಾಳಿಂಬೆ ಇರಾನಿನ ಕಡೆಯದು. ನಾವು ನಾಟಿ ಎಂದುಕೊಂಡಿರುವ ಸೀತಾಫಲ, ಪೇರಲ, ಚಿಕ್ಕು ಮೂರೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಮೊದಲ ಸಲ ಅವುಗಳ ಬೀಜ ಊರಿದವನನ್ನು ಅವನ ಓಣಿಯವರು ನೋಡಿ ನಗದೆ ಬಿಟ್ಟಿರಲಾರರು. ಅವನ ಹೆಂಡತಿಯೂ ಏನಾದರೂ ಅಂದಿರುತ್ತಾಳೆ.

ಹಾಗೆಂದು ಕಾಕಾರ ಸೇಬು ನಾಳೆ ಮಾರುಕಟ್ಟೆಗೆ ಬರುತ್ತದೆಂದು ನಾನು ನಂಬುವವನಲ್ಲ. ಬರುವ ವರ್ಷ ಅವರೇ ಸೇಬು ಬಿಟ್ಟು ಲಿಚಿಯ ಕಡೆ ಹೊರಳುವ ಲಕ್ಷಣ ಕಾಣುತ್ತಿದೆ. ಗುಂಡಿ ಆಗಲೇ ತೋಡಿಸಿದ್ದಾರೆ, ಕಾಕು ತವರಿಗೆ ಹೋಗುವ ಮಾತಾಡುತ್ತಿದ್ದಾರೆ. ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಈ ಬೇಸಿಗೆಯಲ್ಲಿ ನಿಮ್ಮ ನಳಕ್ಕೆ ನೀರು ಬಂದ ದಿನ ಅವರಿಗೆ ಎರಡು ಕೊಡ ಕೊಡಿ, ಅವರು ಕೊಟ್ಟ ಹೋಳನ್ನು ಭಾರಿ ಐತಿ ಎಂದು ತಿನ್ನಿ. ಮುಂದಿನ ಹಣ್ಣು ಯಾವಾಗ ಎಂದು ಮಾತ್ರ ಕೇಳಬೇಡಿ.